ಚೋದ್ಯವೋ, ಕುಚೋದ್ಯವೋ?

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಕಡೆಯ ತೆಂಗಿನ ತೋಟಗಾರರೊಬ್ಬರು ನಮಗೊಂದು ಕಾಗದ ಬರೆದು, ಒಂದು ಶಬ್ದದ ಅರ್ಥವನ್ನು ಕೇಳಿದ್ದಾರೆ. ಅವರು ತಮ್ಮ ತಂದೆಯವರು ಕಾಲವಾದ ಬಳಿಕ ಪೌತಿ ಖಾತೆಗಾಗಿ ಒಂದು ಕಚೇರಿಗೆ ಅರ್ಜಿ ಸಲ್ಲಿಸಿದರಂತೆ. ಅದೇ ವರ್ಷ ತೋಟದ ಮೂಲೆಯಲ್ಲಿ ಒಂದು ಸಸಿಯನ್ನೂ ನೆಟ್ಟರಂತೆ. ಸಸಿ ಬೆಳೆದು ಮರವಾಯಿತು, ಹೊಂಬಾಳೆ ಬಿಟ್ಟಿತು, ಕಾಯಿ ಕಚ್ಚಿತು. ಅರ್ಜಿ ಮಾತ್ರ ಇಟ್ಟಲ್ಲಿಯೇ ಇತ್ತು. ಕಡೆಗೊಂದು ದಿನ ಅವರು ಕಚೇರಿಗೆ ಹೋಗಿ, ಅಧಿಕಾರಿಗಳ ಎದುರು ಕೈಮುಗಿದು ನಿಂತು, “ಸ್ವಾಮಿ, ಅರ್ಜಿ ಕೊಟ್ಟ ವರ್ಷ ನೆಟ್ಟ ಸಸಿ ಈಗ ಫಲಕ್ಕೆ ಬಂದಿದೆ. ಅರ್ಜಿ ಇನ್ನೂ ಮೊಳಕೆಯನ್ನೇ ಒಡೆದಿಲ್ಲ. ಅದಕ್ಕೆ ಯಾವ ಗೊಬ್ಬರ ಹಾಕಬೇಕೋ ತಾವು ಅಪ್ಪಣೆ ಕೊಡಿಸಬೇಕು” ಎಂದು ಕೇಳಿದರಂತೆ. ಸುತ್ತಲಿದ್ದ ಗುಮಾಸ್ತರು ತಲೆ ತಗ್ಗಿಸಿದರು. ಅಧಿಕಾರಿಗಳು, “ಯಜಮಾನರೇ, ಕುಚೋದ್ಯ ಮಾಡಬೇಡಿ” ಎಂದರು.

ನಮ್ಮ ಪತ್ರಲೇಖಕರ ಪ್ರಶ್ನೆ ಇಷ್ಟೆ: “ಕುಚೋದ್ಯವೆಂದರೆ ಏನು? ಅವರು ನನ್ನನ್ನು ಬೈದರೋ, ಹೊಗಳಿದರೋ?”

ಒಂದು ಶಬ್ದದ ವಿಚಾರಕ್ಕೆ ಇಷ್ಟು ಜಾಗವನ್ನು ವ್ಯಯಮಾಡುವುದೇಕೆಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ಮೇಲಣ ಕಚೇರಿಯಲ್ಲಿ ಆ ದಿನ ನಡೆದುದು ಅಲ್ಪ ವಿಷಯವೆಂದು ನಮಗೆ ತೋರುವುದಿಲ್ಲ. ಒಬ್ಬ ಪ್ರಜೆ ಒಂದು ಪ್ರಶ್ನೆ ಕೇಳಿದನು. ಅದಕ್ಕೆ ಉತ್ತರ ದೊರೆಯಲಿಲ್ಲ. ಉತ್ತರದ ಬದಲಿಗೆ ಆ ಪ್ರಶ್ನೆಗೊಂದು ಹೆಸರು ದೊರೆಯಿತು. ಈ ಬಗೆಯ ವ್ಯವಹಾರವು ನಮ್ಮ ಸಾರ್ವಜನಿಕ ಜೀವನದಲ್ಲಿ ದಿನವೂ ನಡೆಯುತ್ತಿರುವುದರಿಂದ, ಆ ಹೆಸರಿನ ಅರ್ಥವೇನೆಂಬುದನ್ನು ವಿಚಾರಿಸುವುದು ಯುಕ್ತವೇ ಆಗಿದೆ.

ಮೊದಲು ಶಬ್ದದ ಹುಟ್ಟನ್ನು ನೋಡೋಣ. ಸಂಸ್ಕೃತದಲ್ಲಿ ‘ಚುದ್’ ಎಂಬ ಧಾತುವಿಗೆ ಪ್ರೇರಿಸು, ಮುಂದಕ್ಕೆ ನೂಕು ಎಂಬ ಅರ್ಥವಿದೆ. ‘ಪ್ರಚೋದನೆ’ ಎಂಬ ಮಾತು ಬಂದಿರುವುದು ಇದರಿಂದಲೇ. ಗಾಯತ್ರೀಮಂತ್ರದ ಕಟ್ಟಕಡೆಯ ಪದದಲ್ಲಿರುವುದೂ ಇದೇ ಧಾತು. ಇದರಿಂದ ಹುಟ್ಟಿದ ‘ಚೋದ್ಯ’ವೆಂದರೆ ಎತ್ತತಕ್ಕ ಪ್ರಶ್ನೆ, ಒಡ್ಡತಕ್ಕ ಆಕ್ಷೇಪ. ಶಾಸ್ತ್ರಗ್ರಂಥಗಳಲ್ಲಿ ಒಂದು ಸಿದ್ಧಾಂತವನ್ನು ಸ್ಥಾಪಿಸುವ ಮುನ್ನ ಎದುರು ಪಕ್ಷದವನು ಚೋದ್ಯವನ್ನು ಎತ್ತುತ್ತಾನೆ. ಸಿದ್ಧಾಂತಿಯು ಅದಕ್ಕೆ ಪರಿಹಾರವನ್ನು ಹೇಳುತ್ತಾನೆ. ಚೋದ್ಯವಿಲ್ಲದ ಶಾಸ್ತ್ರವು ಎದುರು ವಕೀಲನಿಲ್ಲದ ನ್ಯಾಯಸ್ಥಾನದಂತೆ. ಇದೇ ಶಬ್ದವು ಕನ್ನಡಕ್ಕೆ ಬಂದು ನೆಲಸಿದಾಗ ಅದಕ್ಕೆ ಆಶ್ಚರ್ಯವೆಂಬ ಅರ್ಥವೂ ಬಲವಾಗಿ ಸೇರಿತು. ನಮ್ಮ ಹಳೆಯ ಕವಿಗಳು ಅಚ್ಚರಿಗೊಂಡಲ್ಲೆಲ್ಲ ‘ಚೋದ್ಯ’ವೆಂದಿದ್ದಾರೆ. ಇದು ಸಹಜವೇ. ಮನಸ್ಸು ಎಲ್ಲಿ ಬೆರಗಾಗುವುದೋ ಅಲ್ಲಿ ಪ್ರಶ್ನೆ ಹುಟ್ಟುವುದು.

ಇನ್ನು ‘ಕು’ ಎಂಬುದು ಕೆಟ್ಟದ್ದು, ಹೀನವಾದದ್ದು ಎಂಬರ್ಥದ ಅವ್ಯಯ. ಕುಪುತ್ರ, ಕುತರ್ಕ, ಕುಮಾರ್ಗ, ಕುತಂತ್ರಗಳಲ್ಲಿ ಅದನ್ನು ನಾವು ಕಾಣುತ್ತೇವೆ. ಆದಕಾರಣ ಸಂಸ್ಕೃತದಲ್ಲಿ ‘ಕುಚೋದ್ಯ’ವೆಂದರೆ ಅನುಚಿತವಾದ ಪ್ರಶ್ನೆ, ಕೇಳಬಾರದ್ದನ್ನು ಕೇಳುವುದು. ವಾದಸಭೆಯಲ್ಲಿ ಪಂಡಿತರ ಬಾಯಲ್ಲಿದ್ದ ಈ ಶಬ್ದವು ಕನ್ನಡದಲ್ಲಿ ಮನೆಯಂಗಳಕ್ಕೆ ಇಳಿದು ತುಂಟತನ, ಚಮತ್ಕಾರದ ಮಾತು, ನಗುನಗುತ್ತಲೇ ಚುಚ್ಚುವ ಜಾಣತನ ಎಂಬ ಅರ್ಥಗಳನ್ನು ಪಡೆಯಿತು. ಈಗ ಕುಚೋದ್ಯಗಾರನೆಂದರೆ ವಾದಿಯಲ್ಲ, ವಿನೋದಿ.

ಶಬ್ದಗಳು ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಹೀಗೆ ರೂಪವನ್ನೂ ಅರ್ಥವನ್ನೂ ಬದಲಿಸುವುದು ಹಾಲ್ಕುರಿಕೆಯವರಿಗೆ ಹೊಸ ಸಂಗತಿಯಲ್ಲ. ಹಳಗನ್ನಡದ ‘ಪಾಲ್’ ಈಗಿನ ಹಾಲಾಗಿದೆ, ‘ಪೂ’ ಹೂವಾಗಿದೆ, ‘ಪುಲಿ’ ಹುಲಿಯಾಗಿದೆ. ಈ ಕಾರಣದಿಂದಲೇ ಹಾಲ್ಕುರಿಕೆಯ ಹೆಸರನ್ನು ಕೇಳಿದ ಪಂಡಿತರಿಗೆ ಕನ್ನಡ ತೆಲುಗು ಸಂಸ್ಕೃತಗಳಲ್ಲಿ ಬರೆದ ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನ ನೆನಪು ಬರುತ್ತದೆ. ಅವನ ಹುಟ್ಟೂರು ಇದೆನ್ನುವವರೂ ಇದ್ದಾರೆ, ಓರುಗಲ್ಲಿನ ಕಡೆಯ ಪಾಲಕುರ್ತಿ ಎನ್ನುವವರೂ ಇದ್ದಾರೆ. ಆ ವಾದದಲ್ಲಿ ಎಷ್ಟು ಚೋದ್ಯಗಳೋ ಅಷ್ಟು ಪರಿಹಾರಗಳು. ಅದಕ್ಕೆ ನಾವು ಇಲ್ಲಿ ಕೈ ಹಾಕುವುದಿಲ್ಲ.

ನಗೆಮಾತಿಗೆ ನಮ್ಮಲ್ಲಿ ಹೆಸರುಗಳೇನು ಕಡಮೆಯಿಲ್ಲ. ‘ವಿನೋದ’ವೆಂಬುದರ ಮೂಲಾರ್ಥ ದೂರಕ್ಕೆ ತಳ್ಳುವುದು, ದಣಿವನ್ನೂ ಬೇಸರವನ್ನೂ ತಳ್ಳುವುದರಿಂದ ಅದಕ್ಕೆ ಆ ಹೆಸರು. ‘ಚಾಟು’ವೆಂದರೆ ಮೊದಲು ಮುಖಸ್ತುತಿ, ಕಿವಿಗೆ ಇಂಪಾದ ಮಾತು, ದೊರೆಗಳ ಸಭೆಯಲ್ಲಿ ಥಟ್ಟನೆ ಕಟ್ಟಿ ಹೇಳಿದ ಪದ್ಯಗಳಿಗೆ ಆ ಮೇಲೆ ಅದೇ ಹೆಸರಾಯಿತು. ‘ವಿಕಟ’ವೆಂದರೆ ಮೂಲದಲ್ಲಿ ವಿಕಾರವಾದದ್ದು, ಭಯ ಹುಟ್ಟಿಸುವಂಥದು. ‘ಚೇಷ್ಟೆ’ ಎಂದರೆ ಬರಿಯ ಚಲನೆ. ಸುಮ್ಮನಿರಲಾರದ ಮಕ್ಕಳಿಂದಾಗಿ ಅದು ಕೀಟಲೆಯಾಯಿತು. ‘ತಮಾಷೆ’ ಅರಬ್ಬೀ ಪಾರಸಿಗಳಿಂದ ಬಂದುದು; ಅದರ ಅರ್ಥ ನೋಟ, ಪ್ರದರ್ಶನ. ಧಾರವಾಡದ ಕಡೆಯವರು ‘ಮಸ್ಕಿರಿ’ ಎನ್ನುವುದೂ ಅರಬ್ಬೀ ಮೂಲದ್ದೇ. ಮಂಗಳೂರು ಕಾಸರಗೋಡುಗಳ ಕಡೆ ‘ಕುಶಾಲು’ ಎನ್ನುತ್ತಾರೆ. ‘ಕೊಂಕು’ ನಮ್ಮ ಅಚ್ಚಗನ್ನಡದ್ದು. ಡೊಂಕಾದ ಮಾತು ಎಂದು ಅದರ ಭಾವ. ‘ಕುಹಕ’ಕ್ಕೆ ವಂಚನೆಯ ವಾಸನೆಯಿದೆ. ಇನ್ನು ಅಣಕ, ಗೇಲಿ, ಲೇವಡಿಗಳಂತೂ ಎಲ್ಲರಿಗೂ ತಿಳಿದವೇ.

ಇಂಗ್ಲಿಷ್ ಬಲ್ಲವರು ‘ವಿಟ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ಸಮನಾದುದಿಲ್ಲವೆಂದು ಆಗಾಗ ಕೊರಗುವುದನ್ನು ನಾವು ಕೇಳಿದ್ದೇವೆ. ಆ ಇಂಗ್ಲಿಷ್ ಶಬ್ದವು ಮೊದಲು ಬುದ್ಧಿ, ಅರಿವು ಎಂಬರ್ಥದ್ದಾಗಿತ್ತು. ನಮ್ಮ ವೇದ, ವಿದ್ಯೆಗಳ ‘ವಿದ್’ ಧಾತುವಿಗೂ ಅದಕ್ಕೂ ದೂರದ ನಂಟಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಅಂದರೆ ಆ ಜನರು ಜಾಣ ನಗೆಯಲ್ಲಿ ಅರಿವನ್ನು ಕಂಡರು. ನಮ್ಮವರು ಅದೇ ಜಾಣ ನಗೆಯಲ್ಲಿ ಪ್ರಶ್ನೆಯನ್ನು ಕಂಡರು. ಮೇಲೆ ಹೇಳಿದ ಶಬ್ದಗಳಲ್ಲೆಲ್ಲ ನಗೆಯು ಕೇಳುವವನಿಗೆ ಏನು ಮಾಡುತ್ತದೆ, ನೋಡಲು ಹೇಗಿರುತ್ತದೆ ಎಂಬುದು ಮಾತ್ರ ಇದೆ. ಕುಚೋದ್ಯವೆಂಬ ಒಂದು ಶಬ್ದದಲ್ಲಿ ಮಾತ್ರ ನಗೆಯ ಕೆಲಸವೇನೆಂಬುದು ಇದೆ. ಅದು ಪ್ರಶ್ನೆ ಕೇಳುವ ಕೆಲಸ.

ಹೀಗಿರುವಲ್ಲಿ ಆ ಪ್ರಶ್ನೆಗೆ ‘ಕು’ವನ್ನು ಅಂಟಿಸಿದವರು ಯಾರು? ನಮ್ಮ ಲೇಖನದ ತಿರುಳೆಲ್ಲ ಈ ಒಂದಂಶದಲ್ಲಿದೆ. ಕೇಳುವವನ ಬಾಯಲ್ಲಿದ್ದಾಗ ಅದು ಚೋದ್ಯವೇ. ಉತ್ತರ ಹೇಳಬೇಕಾದವನ ಕಿವಿಗೆ ಬಿದ್ದ ಕೂಡಲೆ ಅದು ಕುಚೋದ್ಯವಾಗುತ್ತದೆ. ಪರಿಹಾರ ಸಿದ್ಧವಾಗಿರುವವನಿಗೆ ಯಾವ ಚೋದ್ಯವೂ ಕುಚೋದ್ಯವಲ್ಲ. ಪರಿಹಾರವಿಲ್ಲದವನಿಗೆ ಎಲ್ಲ ಚೋದ್ಯವೂ ಕುಚೋದ್ಯವೇ. ನಮ್ಮ ಪತ್ರಲೇಖಕರು ಆ ದಿನ ಕೇಳಿದ್ದು ನಿಜವಾಗಿ ಒಂದು ಪ್ರಶ್ನೆಯೇ ಆಗಿತ್ತು. ಅಧಿಕಾರಿಗಳು ತಮಗೆ ಅರಿವಿಲ್ಲದೆಯೇ ಶಬ್ದದ ಮೂಲಾರ್ಥವನ್ನು ಸರಿಯಾಗಿ ಪ್ರಯೋಗಿಸಿದರು. ‘ನೀವು ಕೇಳಿದ್ದು ಪ್ರಶ್ನೆ, ಆದರೆ ಅದನ್ನು ನಮ್ಮನ್ನು ಕೇಳಬಾರದಿತ್ತು’ ಎಂಬುದೇ ಅವರ ಮಾತಿನ ತಾತ್ಪರ್ಯ.

ಪ್ರಶ್ನೆಯನ್ನು ಹೀಗೆ ನಗೆಯಲ್ಲಿ ಸುತ್ತಿ ದೊಡ್ಡವರ ಮುಂದಿಡುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಬೇರೂರಿದ ಮೂಡಲಪಾಯ ಯಕ್ಷಗಾನವನ್ನು ನೋಡಿದವರಿಗೆ ಇದು ಗೊತ್ತು. ಕಿರೀಟ, ಭುಜಕೀರ್ತಿಗಳೊಡನೆ ಆರ್ಭಟಿಸಿಕೊಂಡು ರಾಜನು ರಂಗಕ್ಕೆ ಬರುತ್ತಾನೆ. ಬಂದವನು ತಾನಾಗಿಯೇ ಮಾತಾಡುವಂತಿಲ್ಲ. ಸಾರಥಿಯು ಎದುರು ನಿಂತು, ‘ತಾವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು’ ಎಂದು ವಿಚಾರಿಸಬೇಕು. ಮೂರು ಲೋಕದ ಗಂಡನೇ ಆಗಲಿ, ಬರಿತಲೆಯ ಸಾರಥಿಗೆ ಉತ್ತರ ಕೊಟ್ಟಮೇಲೆಯೇ ಅವನ ರಾಜ್ಯಭಾರ ಆರಂಭವಾಗತಕ್ಕದ್ದು. ಈ ಏರ್ಪಾಡನ್ನು ಕಂಡುಹಿಡಿದ ಹಳ್ಳಿಗರು ರಾಜ್ಯಶಾಸ್ತ್ರವನ್ನು ಓದಿದವರಲ್ಲ. ಅದರ ಸಾರವನ್ನು ಮಾತ್ರ ಬಲ್ಲವರಾಗಿದ್ದರು.

ವಿಕಟಕವಿ ತೆನಾಲಿ ರಾಮಕೃಷ್ಣನ ಕಥೆಯೂ ಇದನ್ನೇ ಹೇಳುತ್ತದೆ. ಸಾವಿರ ಮುಖದ ಕಾಳಿ ಪ್ರತ್ಯಕ್ಷಳಾದಾಗ ಆ ಹುಡುಗನು ಅಡ್ಡಬೀಳುವ ಬದಲು ನಕ್ಕುಬಿಟ್ಟನಂತೆ. ಕಾರಣ ಕೇಳಿದರೆ, ಒಂದು ಮೂಗಿಗೆ ನೆಗಡಿ ಬಂದರೆ ನಮಗೆ ಎರಡು ಕೈಯೂ ಸಾಲದು, ಸಾವಿರ ಮೂಗಿಗೂ ನೆಗಡಿಯಾದರೆ ತಾಯಿ ಏನು ಮಾಡುವಳು ಎಂದನಂತೆ. ಇದಕ್ಕಿಂತ ಶುದ್ಧವಾದ ಕುಚೋದ್ಯವು ಮತ್ತೊಂದಿಲ್ಲ. ಅದು ಪ್ರಶ್ನೆ, ಮತ್ತು ಕೇಳಬಾರದ ಪ್ರಶ್ನೆ. ದೇವಿ ಮುನಿದು ‘ವಿಕಟಕವಿಯಾಗು’ ಎಂದು ಶಪಿಸಿದಳು. ಅವನು ಆ ಶಾಪವನ್ನೇ ಹಿಡಿದು, ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ‘ವಿಕಟಕವಿ’ ಒಂದೇ ಎಂದು ಸಂತೋಷಪಟ್ಟನು. ಕಡೆಗೆ ದೇವಿಯೂ ನಕ್ಕಳು. ಚರಿತ್ರೆಯ ದೃಷ್ಟಿಯಿಂದ ಈ ಕಥೆಗೆ ಬೆಲೆಯಿಲ್ಲದಿರಬಹುದು. ಆದರೆ ಸಾವಿರ ಮುಖದ ಶಕ್ತಿಯೂ ಒಂದು ಪ್ರಶ್ನೆಯನ್ನು ಸಹಿಸಬೇಕು, ಸಹಿಸಿ ನಗಬೇಕು ಎಂದು ನಮ್ಮ ಜನ ಬಯಸಿದರೆಂಬುದಕ್ಕೆ ಇದು ಸಾಕ್ಷಿ. ಈಗಿನ ಸರ್ಕಾರಕ್ಕೂ ಸಾವಿರ ಮುಖಗಳಿವೆ; ನೆಗಡಿಯೂ ಅಪರೂಪವಲ್ಲ.

ಈ ವಿದ್ಯೆಯಲ್ಲಿ ತುಮಕೂರು ಸೀಮೆ ಬಡವಾಗಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಮಂಡಳಿಯು ವೀರಣ್ಣನವರ ಕಾಲದಲ್ಲಿ ದಕ್ಷಿಣದೇಶಕ್ಕೆಲ್ಲ ಹೆಸರಾಯಿತು. ‘ವರನಟ’ರೆನಿಸಿದ ವೀರಣ್ಣನವರು ಕೀರ್ತಿಯನ್ನು ಸಂಪಾದಿಸಿದ್ದು ಕಿರೀಟದ ಪಾತ್ರಗಳಿಗಿಂತ ಹೆಚ್ಚಾಗಿ ಹಾಸ್ಯದ ಪಾತ್ರಗಳಿಂದ, ‘ಸದಾರಮೆ’ಯ ಕಳ್ಳನ ಪಾತ್ರವನ್ನು ಕಂಡವರು ಅದನ್ನು ಮರೆಯಲಿಲ್ಲ. ಅದೇ ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ಚಲನಚಿತ್ರದಲ್ಲಿ ಬೆಳಗಿದ ನರಸಿಂಹರಾಜುರವರು 1923ರಲ್ಲಿ ಹುಟ್ಟಿದ್ದು ತಿಪಟೂರಿನಲ್ಲಿಯೇ. ಅವರು ತಮ್ಮ ಸಣಕಲು ಮೈಯನ್ನೂ ಉಬ್ಬುಹಲ್ಲನ್ನೂ ತಾವೇ ನಗೆಗೆ ಒಡ್ಡಿದರು. ಪರರನ್ನು ನಗುವ ಮುನ್ನ ತನ್ನನ್ನು ತಾನು ನಗಬಲ್ಲವನಿಗೆ ಯಾರೂ ಕೋಪಿಸಿಕೊಳ್ಳಲಾರರು.

ನಗೆಯಿಂದ ನೇರವಾಗಿ ಕಚೇರಿಯ ಬಾಗಿಲನ್ನು ತಟ್ಟಿದವರು ಮಾಸ್ಟರ್ ಹಿರಣ್ಣಯ್ಯನವರು. ಅವರ ‘ಲಂಚಾವತಾರ’ವು ಸಾವಿರಾರು ಸಲ ರಂಗವೇರಿತು. ನಮ್ಮ ಪತ್ರಲೇಖಕರ ‘ಗೊಬ್ಬರ’ವು ಆ ನಾಟಕದ ಮುಖ್ಯ ವಸ್ತುವೇ ಆಗಿತ್ತು. ಅಚ್ಚಿನ ಪ್ರಪಂಚದಲ್ಲಿ ಇದೇ ಕೆಲಸವನ್ನು ಮಾಡಲು ಡಾಕ್ಟರ್ ಎಂ. ಶಿವರಾಂ ಅವರು ‘ರಾಶಿ’ ಎಂಬ ಹೆಸರಿನಿಂದ 1942ರಲ್ಲಿ ‘ಕೊರವಂಜಿ’ ಪತ್ರಿಕೆಯನ್ನು ಹೊರಡಿಸಿದರು. ಆರ್. ಕೆ. ಲಕ್ಷ್ಮಣರ ಎಳೆಯ ದಿನಗಳ ಚಿತ್ರಗಳು ಪ್ರಕಟವಾದುದು ಅದರಲ್ಲಿ. ಪತ್ರಿಕೆ 1967ರವರೆಗೆ ನಡೆಯಿತು. ಆ ಹೆಸರಿನ ಔಚಿತ್ಯವನ್ನು ನಾವು ಗಮನಿಸಬೇಕು. ಕೊರವಂಜಿಯು ಬುಟ್ಟಿ ಹೊತ್ತು ಬಾಗಿಲಿಗೆ ಬರುವ ಬಡವಿ; ಆದರೆ ಸಿರಿವಂತೆಯು ಕೈ ಚಾಚಿ ಅವಳ ಮುಂದೆ ಕೂರುತ್ತಾಳೆ, ಇತರರು ಹೇಳಲಂಜುವುದನ್ನು ಅವಳಿಂದ ಕೇಳುತ್ತಾಳೆ. ಆ ಬಳಗದ ನಾ. ಕಸ್ತೂರಿಯವರು ‘ಅನರ್ಥಕೋಶ’ವೆಂಬ ಒಂದು ನಿಘಂಟನ್ನೇ ರಚಿಸಿ, ನಾವು ಗೌರವದಿಂದ ಆಡುವ ಶಬ್ದಗಳನ್ನೆಲ್ಲ ಅಲುಗಿಸಿ ನೋಡಿದರು. ಶಬ್ದವೊಂದನ್ನು ಅಲುಗಿಸಿದರೆ ಅದರ ಹಿಂದೆ ಅಡಗಿ ಕುಳಿತವನು ತಾನಾಗಿ ಹೊರಬೀಳುವನು.

ನಮ್ಮ ರಾಷ್ಟ್ರದ ಹಿರಿಯರೂ ಈ ಗುಣವನ್ನು ಬಲ್ಲವರಾಗಿದ್ದರು. ತನಗೆ ವಿನೋದಪ್ರಜ್ಞೆಯಿಲ್ಲದಿದ್ದಲ್ಲಿ ಎಂದೋ ಆತ್ಮಹತ್ಯೆ ಮಾಡಿಕೊಳ್ಳುತ್ತಿದ್ದೆನೆಂದು ಮಹಾತ್ಮರೇ ಹೇಳಿದ್ದುಂಟು. 1931ರಲ್ಲಿ ಅವರು ತುಂಡು ಪಂಚೆಯಲ್ಲಿಯೇ ಇಂಗ್ಲೆಂಡಿನ ದೊರೆಯನ್ನು ಅರಮನೆಯಲ್ಲಿ ಕಂಡುಬಂದಾಗ, ಈ ಉಡುಪು ಸಾಕಾಯಿತೇ ಎಂದು ಕೇಳಿದವರಿಗೆ, ನಮ್ಮಿಬ್ಬರಿಗೂ ಸಾಕಾಗುವಷ್ಟನ್ನು ದೊರೆಗಳೇ ಧರಿಸಿದ್ದರು ಎಂದು ಉತ್ತರಕೊಟ್ಟರೆಂಬುದು ಪ್ರಸಿದ್ಧ. ಕೇಳಿದ್ದು ಕುಚೋದ್ಯ, ಕೊಟ್ಟದ್ದು ಪರಿಹಾರ. ಆ ಒಂದು ಮಾತಿನಲ್ಲಿ ಬಡದೇಶವೊಂದರ ಬತ್ತಲೆಯೂ ಅದನ್ನಾಳಿದವರ ಸಿರಿಯೂ ಎದುರುಬದುರಾಗಿ ನಿಂತವು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ವ್ಯಂಗ್ಯಚಿತ್ರಕಾರ ಶಂಕರರು ತಮ್ಮ ವಾರಪತ್ರಿಕೆಯನ್ನು ಆರಂಭಿಸಿದಾಗ ಪ್ರಧಾನಿ ನೆಹರೂರವರು ತಮ್ಮನ್ನೂ ಬಿಡದೆ ಗೇಲಿ ಮಾಡಬೇಕೆಂದು ಅವರಿಗೆ ಹೇಳಿದರು. ಅಧಿಕಾರದ ಪೀಠದಲ್ಲಿ ಕುಳಿತವರು ತಮ್ಮ ಎದುರಿಗೆ ತಾವೇ ಒಬ್ಬ ಸಾರಥಿಯನ್ನು ನಿಲ್ಲಿಸಿಕೊಂಡ ಈ ಪ್ರಸಂಗವು ನೆನಪಿಡತಕ್ಕದ್ದು.

ಇಲ್ಲಿಯವರೆಗೆ ನಾವು ಕುಚೋದ್ಯದ ಪಕ್ಷವನ್ನು ಹಿಡಿದು ಮಾತಾಡಿದೆವು. ಆದರೆ ಅದರ ಹೆಸರಿನಲ್ಲಿ ನಡೆಯುವ ಎಲ್ಲವನ್ನೂ ನಾವು ಸಮರ್ಥಿಸಲಾರೆವು. ಒಬ್ಬನ ಜಾತಿಯನ್ನೋ ಮೈಬಣ್ಣವನ್ನೋ ಕುಂಟುಗಾಲನ್ನೋ ತೊದಲು ಮಾತನ್ನೋ ಎತ್ತಿ ಆಡಿ, ಅವನ ಮುಖ ಬಾಡಿದೊಡನೆ ‘ತಮಾಷೆಗೆಂದೆ’ ಎಂದು ನುಣುಚಿಕೊಳ್ಳುವವರು ನಮ್ಮ ಪೇಟೆಗಳಲ್ಲಿಯೂ ಸಭೆಗಳಲ್ಲಿಯೂ ಬೇಕಾದಷ್ಟಿದ್ದಾರೆ. ಅವರ ಮಾತಿನಲ್ಲಿ ಚೋದ್ಯವಿಲ್ಲ. ಬರಿಯ ‘ಕು’ ಉಳಿದಿದೆ. ಮನೆಗೆಲಸದವಳನ್ನು ನೋಡಿ ಯಜಮಾನನು ಆಡುವ ಹಾಸ್ಯಕ್ಕೆ ಅವಳು ಏನೆಂದು ಉತ್ತರ ಕೊಟ್ಟಾಳು? ಕೊಟ್ಟರೆ ಕೆಲಸ ಹೋಗುವುದು. ಉತ್ತರ ಕೊಡಲಾರದವರನ್ನು ಕೇಳಿದ್ದು ಪ್ರಶ್ನೆಯಾಗದು. ಅದಕ್ಕೆ ಗೇಲಿ, ಲೇವಡಿ ಎಂಬ ಬೇರೆ ಹೆಸರುಗಳು ನಮ್ಮಲ್ಲಿವೆ; ಅವನ್ನೇ ಅದಕ್ಕೆ ಕೊಡಬೇಕು. ಕುಚೋದ್ಯವು ಕೆಳಗಿನಿಂದ ಮೇಲಕ್ಕೆ ಏರುವ ಮಾತು. ಗೇಲಿಯು ಮೇಲಿನಿಂದ ಕೆಳಕ್ಕೆ ಬೀಳುವ ಕಲ್ಲು.

ಎರಡನ್ನೂ ಬೇರ್ಪಡಿಸುವ ಒರೆಗಲ್ಲನ್ನು ಹಾಲ್ಕುರಿಕೆಯ ತೋಟಗಾರರಿಗೆ ನಾವು ಕಲಿಸಬೇಕಾಗಿಲ್ಲ. ತಿಪಟೂರಿನ ಉಂಡೆ ಕೊಬ್ಬರಿ ದೇಶಕ್ಕೆಲ್ಲ ಹೆಸರಾದುದು ಹೇಗೆಂಬುದನ್ನು ಅವರು ಬಲ್ಲರು. ಬಲಿತ ಕಾಯನ್ನು ಇಳಿಸಿ, ಸಿಪ್ಪೆ ಸಮೇತ ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಇಡುತ್ತಾರೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಒಣಗಿ ಚಿಪ್ಪನ್ನು ಬಿಡುತ್ತದೆ. ಅಲುಗಿಸಿದಾಗ ನೀರಿನ ಸದ್ದು ಕೇಳಿದರೆ ಅದು ಇನ್ನೂ ಆಗಿಲ್ಲ. ಗಟ್ಟಿ ಉಂಡೆಯು ಚಿಪ್ಪಿಗೆ ತಾಗುವ ಸದ್ದು ಕೇಳಿದರೆ ಆಗಿದೆ. ಆಮೇಲೆ ಸುಲಿದು ಚಿಪ್ಪನ್ನು ಒಡೆಯುವಾಗ ಕೈಚಳಕ ಬೇಕು. ಚಿಪ್ಪು ಚೂರಾಗಬೇಕು, ಉಂಡೆಗೆ ಗಾಯವಾಗಬಾರದು. ಗಾಯವಾದ ಕೊಬ್ಬರಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

ಜಾಣ ನಗೆಯ ಧರ್ಮವೂ ಇದೇ. ಕೋಪವೆಂಬ ನೀರು ಒಳಗೆ ಇಂಗುವವರೆಗೆ ಮಾತನ್ನು ಅಟ್ಟದ ಮೇಲಿಡಬೇಕು. ಬಳಿಕ ಹುದ್ದೆಯ ಬಿಂಕ, ದೊಡ್ಡಸ್ತಿಕೆ, ಆಷಾಢಭೂತಿತನ ಎಂಬ ಚಿಪ್ಪನ್ನು ಒಡೆಯಬೇಕು. ಒಳಗಿನ ಮನುಷ್ಯನಿಗೆ ಪೆಟ್ಟಾಗಬಾರದು. ನಮ್ಮ ಪತ್ರಲೇಖಕರ ಮಾತನ್ನು ಈ ಒರೆಗೆ ಹಚ್ಚಿ ನೋಡಿದೆವು. ಅದರಲ್ಲಿ ಅಧಿಕಾರಿಯ ಹೆಸರಿಲ್ಲ, ಕುಲವಿಲ್ಲ, ರೂಪದ ಮಾತಿಲ್ಲ. ಸಸಿಯೊಂದು, ಅರ್ಜಿಯೊಂದು, ನಡುವೆ ಹಲವು ವರ್ಷಗಳು, ಇಷ್ಟೆ ಇವೆ. ‘ಗೊಬ್ಬರ’ವೆಂಬಲ್ಲಿ ಶ್ಲೇಷವಿದೆ, ಅದರಿಂದ ಲಂಚದ ಆರೋಪ ಸೂಚಿತವಾಯಿತು ಎಂದು ಯಾರಾದರೂ ಆಕ್ಷೇಪಿಸಬಹುದು. ತೆಂಗಿನ ಸೀಮೆಯವನ ಬಾಯಲ್ಲಿ ಗೊಬ್ಬರವೆಂದರೆ ಮೊದಲು ಗೊಬ್ಬರವೇ. ಎರಡನೆಯ ಅರ್ಥವನ್ನು ಕೇಳುವವನ ಮನಸ್ಸೇ ಒದಗಿಸಬೇಕು. ತಲೆ ತಗ್ಗಿಸಿದ ಗುಮಾಸ್ತರಿಗೆ ಅದು ಎಲ್ಲಿಂದ ಒದಗಿತೆಂಬುದನ್ನು ಅವರೇ ಹೇಳಬೇಕು.

ಅಧಿಕಾರಿಗಳ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಮೇಜಿನ ಹಿಂದೆ ಕುಳಿತವನು ಬಹುಮಟ್ಟಿಗೆ ಹಿಂದಿನವರು ಬಿಟ್ಟುಹೋದ ಕಡತಗಳಿಗೆ ಉತ್ತರವಾದಿ. ಆತ ಬಂದು ಮೂರು ತಿಂಗಳಾಗಿರಬಹುದು; ಅರ್ಜಿಗೆ ಎಂಟು ವರ್ಷವಾಗಿರಬಹುದು. ನಾಲ್ಕು ಜನರೆದುರು ಬಿದ್ದ ನಗೆಮಾತು ಬೈಗಳಿಗಿಂತ ಆಳಕ್ಕೆ ನಾಟುವುದೂ ಉಂಟು. ಇದನ್ನೆಲ್ಲ ನಾವು ಒಪ್ಪುತ್ತೇವೆ. ಆದಾಗ್ಯೂ ಪ್ರಶ್ನೆಯು ಕುರ್ಚಿಯನ್ನು ಕುರಿತದ್ದೇ ಹೊರತು ಕುಳಿತವರನ್ನು ಕುರಿತದ್ದಲ್ಲವೆಂದು ತಿಳಿದರೆ ನೋವು ಅರ್ಧ ಕಡಮೆಯಾಗುವುದು.

ಮೇಲಾಗಿ ಈಗ ಕಾನೂನೇ ಪ್ರಶ್ನೆಯಿಂದ ‘ಕು’ವನ್ನು ತೆಗೆದುಹಾಕಿದೆ ಎಂಬಂಶವನ್ನು ಅಧಿಕಾರವರ್ಗದವರು ಮರೆಯಬಾರದು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 19ನೆಯ ಅನುಚ್ಛೇದವು ಮಾತಿನ ಸ್ವಾತಂತ್ರ್ಯವನ್ನು ಪ್ರಜೆಯ ಹಕ್ಕೆಂದು ಸಾರಿ, ಮಾನಹಾನಿ ಮೊದಲಾದ ಕೆಲವು ಮಿತಿಗಳನ್ನೂ ಗೊತ್ತುಮಾಡಿದೆ. 2005ರ ಮಾಹಿತಿ ಹಕ್ಕಿನ ಅಧಿನಿಯಮದ ಮೇರೆಗೆ ಪ್ರಜೆಯು ಕೇಳಿದ ಮಾಹಿತಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ನಮ್ಮ ರಾಜ್ಯದ್ದೇ ಆದ 2011ರ ಸಕಾಲ ಅಧಿನಿಯಮವು ಗೊತ್ತಾದ ಸೇವೆಗಳಿಗೆ ಗೊತ್ತಾದ ಅವಧಿಯನ್ನು ವಿಧಿಸಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರಧನವನ್ನು ಅರ್ಜಿದಾರನು ಪಡೆಯಬಹುದೆಂದು ಹೇಳಿದೆ. ಚೋದ್ಯಕ್ಕೆ ಪರಿಹಾರವೆಂಬ ಶಾಸ್ತ್ರದ ಜೋಡಿ ಶಬ್ದಗಳಲ್ಲಿ ಎರಡನೆಯದು ಸರ್ಕಾರದ ಕಾಯಿದೆಯಲ್ಲಿಯೇ ಬಂದು ಕುಳಿತಿರುವುದನ್ನು ಕಂಡು ನಮಗೆ ನಗೆ ಬರುತ್ತದೆ. ‘ನನ್ನ ಅರ್ಜಿ ಏನಾಯಿತು’ ಎಂಬುದು ಒಂದು ಕಾಲಕ್ಕೆ ಉದ್ಧಟತನವಾಗಿತ್ತು. ಈಗ ಅದು ಹಕ್ಕು. ಹಾಗಿದ್ದರೂ ಪ್ರಜೆಯು ಅದನ್ನು ನಮೂನೆಯಲ್ಲಿ ಬರೆದು ಕೇಳದೆ ನಗುತ್ತ ಕೇಳಿದರೆ, ಅದು ಅವನ ಸೌಜನ್ಯ. ನಗೆಯ ಕಾಲ ಮುಗಿದಮೇಲೆ ಬರತಕ್ಕದ್ದು ನೋಟೀಸು, ದಾವೆ, ಧಿಕ್ಕಾರದ ಕೂಗು. ಯಾವ ಕಚೇರಿಯಲ್ಲಿ ಜನರು ಇನ್ನೂ ಕುಚೋದ್ಯ ಮಾಡುತ್ತಿರುವರೋ ಆ ಕಚೇರಿಯ ಮೇಲೆ ಅವರಿಗೆ ಇನ್ನೂ ಭರವಸೆ ಉಳಿದಿದೆಯೆಂದು ತಿಳಿಯಬೇಕು.

ಭರತಮುನಿಯ ನಾಟ್ಯಶಾಸ್ತ್ರವು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಣ ಎರಡು ಮಧ್ಯಮರಿಗೆ, ಕಡೆಯವೆರಡು ಅಧಮರಿಗೆ ಸಲ್ಲತಕ್ಕವು. ಹಲ್ಲು ಕಾಣಿಸದೆ, ಕೆನ್ನೆ ಮಾತ್ರ ತುಸು ಅರಳುವ ನಗೆಯೇ ಸ್ಮಿತ. ಇದನ್ನು ಇಲ್ಲಿ ಹೇಳಲು ಕಾರಣವುಂಟು. ನಮ್ಮ ಪತ್ರಲೇಖಕರು ಕಾಗದದ ಕೊನೆಯಲ್ಲಿ ಮತ್ತೆರಡು ಪಂಕ್ತಿಗಳನ್ನು ಸೇರಿಸಿದ್ದಾರೆ. ‘ಕುಚೋದ್ಯ ಮಾಡಬೇಡಿ’ ಎಂದ ಮೇಲೆ ಆ ಅಧಿಕಾರಿಗಳು ಕಡತದ ಕಡೆಗೆ ತಲೆ ಬಗ್ಗಿಸಿದರಂತೆ. ಆಗ ಅವರ ತುಟಿಯ ಅಂಚಿನಲ್ಲಿ ಸಣ್ಣ ನಗೆಯೊಂದು ಸುಳಿದಂತಾಯಿತಂತೆ.

ಆದುದರಿಂದ ಹಾಲ್ಕುರಿಕೆಯ ಮಹನೀಯರಿಗೆ ನಮ್ಮ ಉತ್ತರವಿದು. ಅವರು ನಿಮ್ಮನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ನೀವು ಕೇಳಿದ್ದು ಪ್ರಶ್ನೆಯೆಂದು ಅವರು ಒಪ್ಪಿಕೊಂಡರು. ಅದರ ಹಿಂದಿನ ‘ಕು’ ಎಂಬ ಒಂದಕ್ಷರವನ್ನು ಅಳಿಸುವುದು ಅವರ ಕೈಯಲ್ಲಿದೆ, ಅದಕ್ಕೆ ಒಂದು ಸಹಿ ಸಾಕು. ಅಲ್ಲಿಯವರೆಗೆ ತಾವು ಕೇಳುವುದನ್ನು ಬಿಡಬಾರದು. ನಗುತ್ತಲೇ ಕೇಳುವುದನ್ನೂ ಬಿಡಬಾರದು.